ಉಸಿರು ತಾಗಿದ ಗಾಜು

ಸೂಕ್ಷ್ಮದರ್ಶಕದ ಕೋಣೆಯಲ್ಲಿ ಕೂರುವವನಿಗೆ ಗೂಬೆ ಎಂಬ ಹೆಸರು ಅಂಟಿ ವರ್ಷಗಳೇ ಆಗಿದ್ದವು. ಹಾಡಹಗಲೇ ಕತ್ತಲಲ್ಲಿ ಕೂತು ಕಣ್ಣರಳಿಸಿ ನೋಡುವವನನ್ನು ಬೇರೆ ಏನೆಂದು ಕರೆಯುವುದು? ಮೂವತ್ತು ದಾಟಿದ, ಗಡ್ಡ ಬಿಟ್ಟ ಆ ಮನುಷ್ಯನಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಬಾಗಿಲ ಮೇಲೆ ತಾನೇ ಒಂದು ಗೂಬೆಯ ಚಿತ್ರ ಅಂಟಿಸಿಕೊಂಡಿದ್ದ. ಅವತ್ತು ಅವನು ಬಾಗಿಲನ್ನು ಅರ್ಧ ತೆರೆದು, "ಅಕ್ಕಾ, ಸ್ವಲ್ಪ ಬನ್ನಿ" ಎಂದು ಕರೆದಾಗ ದನಿಯಲ್ಲಿ ಎಂದಿನ ತುಂಟತನ ಇರಲಿಲ್ಲ.

ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಸಿದ್ಧಪಡಿಸುತ್ತಿದ್ದ ಅವಳು ಕೈಗವಸು ಬಿಚ್ಚಿ ಒಳಗೆ ಹೋದಳು. ರಿಪೇರಿಗೆಂದು ಹೋಗಿ ತಿಂಗಳುಗಟ್ಟಲೆ ಬಾರದೇ ಇದ್ದ ದೊಡ್ಡ ಸೂಕ್ಷ್ಮದರ್ಶಕ ಹಿಂದಿನ ದಿನವಷ್ಟೇ ಮರಳಿ ಬಂದಿತ್ತು. ಅದು ಜೀವಕೋಶವನ್ನು ಮುಟ್ಟದೆಯೇ ಬರಿಯ ಬೆಳಕಿನಿಂದ ಹೋಳುಹೋಳಾಗಿ ನೋಡುವ ಯಂತ್ರ. ಆಮೇಲೆ ಆ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿ ಇಡೀ ಉಂಡೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸುತ್ತಿತ್ತು.

"ಇದು ಮೇಲಿಂದ" ಎಂದ ಗೂಬೆ.

ಪರದೆಯ ಮೇಲೆ ಕೋಶಕೇಂದ್ರ ನೀಲಿಯಾಗಿ, ದುಂಡಗೆ ಹೊಳೆಯುತ್ತಿತ್ತು. ಅದರೊಳಗೆ ಎರಡು ಕೆಂಪು ಮೋಡ, ಎರಡು ಹಸಿರು ಮೋಡ, ಒಂದೊಂದು ಕೆಂಪೂ ಒಂದೊಂದು ಹಸಿರನ್ನು ತಬ್ಬಿಕೊಂಡಂತೆ. ಅವಳಿಗೆ ಇದು ಪರಿಚಿತ ನೋಟ. ಹಳೆಯ ಸಣ್ಣ ಸೂಕ್ಷ್ಮದರ್ಶಕದಲ್ಲಿ ಇದನ್ನೇ ನೋಡಿ ತಾನೇ ಲ್ಯಾಬ್ ನಡೆಸುವ ಮೇಷ್ಟ್ರು ಎಲ್ಲರಿಗೂ ಟೀ ಕುಡಿಸಿದ್ದು!

"ಈಗ ಪಕ್ಕದಿಂದ ನೋಡಿ."

ಅವನು ಗುಂಡಿ ಒತ್ತಿದ. ನೀಲಿ ಚೆಂಡು ನಿಧಾನವಾಗಿ ಹೊರಳಿತು. ಹೊರಳುತ್ತಾ ತೆಳ್ಳಗಾಯಿತು, ಇನ್ನೂ ತೆಳ್ಳಗಾಯಿತು, ಕೊನೆಗೆ ಲಟ್ಟಿಸಿದ ಹಿಟ್ಟನ್ನು ಅಂಚಿನಿಂದ ನೋಡಿದ ಹಾಗೆ ಬರೀ ಒಂದು ಗೆರೆಯಾಗಿ ನಿಂತಿತು.

ಚೆಂಡಿನಂತೆ ಇರಬೇಕಾದದ್ದು ಚಪ್ಪಟೆಯಾಗಿತ್ತು. ಅಕ್ಕಪಕ್ಕ ತಣ್ಣಗೆ ಮಲಗಿದ ಇಬ್ಬರ ಮೇಲೆ ಮನೆಯ ಚಾವಣಿಯೇ ಕುಸಿದರೆ, ಅವರು ತಬ್ಬಿಕೊಂಡಿದ್ದರು ಎಂದು ಹೇಳಲಾದೀತೇ?

* * *

ಆ ಕೋಶಗಳು ಹೊರಗಿನ ಒಬ್ಬ ಹುಡುಗಿಯವು, ಒಬ್ಬ ಹುಡುಗನ ಅಕ್ಕನವು. ತಮ್ಮನಿಗೆ ರಕ್ತದ ಕಾಯಿಲೆ ಬಂದು, ತನ್ನ ಮೂಳೆಯೊಳಗಿನ ಮಜ್ಜೆಯನ್ನು ಅವನಿಗೆ ಕೊಟ್ಟಿದ್ದಳು. ಸೂಜಿ ಚುಚ್ಚಿಸಿಕೊಳ್ಳುವ ಮೊದಲು, "ನಿಮ್ಮ ಸಂಶೋಧನೆಗೂ ಒಂದಿಷ್ಟು ತಗೊಳ್ಳಿ" ಎಂದು ಒಪ್ಪಿಗೆ ಕೊಟ್ಟವಳು ಅವಳೇ. ಅದನ್ನು ನಾಲ್ಕು ಪುಟ್ಟ ಟ್ಯೂಬುಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ತಮ್ಮನ ಕಾಯಿಲೆ ಶುರುವಾಗಿದ್ದು ಎರಡು ವರ್ಣತಂತುಗಳು ತುಂಡಾಗಿ, ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದರಿಂದ. ಮೇಷ್ಟ್ರು ಎಂದು ಎಲ್ಲರೂ ಕರೆಯುವ ಲ್ಯಾಬಿನ ಹಿರಿಯರ ಪ್ರಶ್ನೆ ಇಷ್ಟೇ: ಕಾಯಿಲೆ ಇಲ್ಲದ ಮಜ್ಜೆಯಲ್ಲೂ ಈ ಎರಡು ವರ್ಣತಂತುಗಳು ನೆರೆಹೊರೆಯವರೇ? ಗೋಡೆಗೆ ಗೋಡೆ ತಾಗಿ ಬದುಕುವುದರಿಂದಲೇ ಮುಂದೊಂದು ದಿನ ಸಾಮಾನು ಅದಲುಬದಲಾಗುತ್ತದೆಯೇ?

ಅದನ್ನು ತಿಳಿಯಲು ಇರುವ ದಾರಿ ಪ್ರೋಬ್. ಅದು ಬಣ್ಣದ ದೀಪ ಹೊತ್ತ ಡಿಎನ್ಎ ಚೂರು. ಕೋಶದೊಳಗೆ ಬಿಟ್ಟರೆ ತನಗೆ ಹೊಂದುವ ಜೋಡಿಯನ್ನು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ. ಒಂದು ವರ್ಣತಂತುವಿಗೆ ಕೆಂಪು ದೀಪದ್ದು, ಇನ್ನೊಂದಕ್ಕೆ ಹಸಿರು ದೀಪದ್ದು. ಮನೆ ಮಾತ್ರ ಬೀಳಬಾರದು. ಕೋಶಕೇಂದ್ರ ಇದ್ದ ಹಾಗೆಯೇ, ಇದ್ದ ದುಂಡಿನಲ್ಲೇ ಇರಬೇಕು. ಅದಕ್ಕೆ ಇರುವ ಒಂದೇ ನಿಯಮವನ್ನು ಮೇಷ್ಟ್ರು ಬೇಸಿನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು: ಒಣಗಬಾರದು. ಮೊದಲಿನಿಂದ ಕೊನೆಯವರೆಗೆ, ಒಂದು ಕ್ಷಣವೂ ಒಣಗಬಾರದು.

ಅವಳು ಇಲ್ಲಿಗೆ ಬಂದದ್ದು ಒಂದು ಆಸ್ಪತ್ರೆಯ ಲ್ಯಾಬಿನಿಂದ. ಅಲ್ಲಿಯ ಕೆಲಸ ಇದಕ್ಕೆ ತದ್ವಿರುದ್ಧ. ಕೋಶಗಳಿಗೆ ನೀರು ಕುಡಿಸಿ ಉಬ್ಬಿಸಿ, ಆಮ್ಲ ಮತ್ತು ಸ್ಪಿರಿಟ್ಟಿನಲ್ಲಿ ಅದ್ದಿ, ಪುಟ್ಟ ಸ್ಟೂಲಿನ ಮೇಲೆ ನಿಂತು ಮೇಲಿನಿಂದ ಗಾಜಿನ ಮೇಲೆ ಟಪ್ಪೆಂದು ಹನಿಸುವುದು. ಹನಿ ಬಿದ್ದ ಕೂಡಲೇ ಗಾಜನ್ನೆತ್ತಿ, ಅಂಚನ್ನು ಕಾಗದಕ್ಕೆ ತಾಗಿಸಿ, ಫೂ ಎಂದು ಊದುವುದು. ಗಾಜು ಒಣಗುತ್ತಿದ್ದಂತೆ ಕೋಶ ಒಡೆದು ವರ್ಣತಂತುಗಳು ಅಂಗಳದಲ್ಲಿ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತಿದ್ದವು. ಆಮೇಲೆ ಅವನ್ನು ಶಾಲೆಯ ಸಾಲಿನಂತೆ ಎತ್ತರದ ಪ್ರಕಾರ ನಿಲ್ಲಿಸಿ ಎಣಿಸುವುದು. ಅವಳಷ್ಟು ಚೆನ್ನಾಗಿ ಹರಡಿಸುವವರು ಅಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆ ಆ ವಿಭಾಗವನ್ನೇ ಮುಚ್ಚಿದಾಗ ಅವಳ ಕೈಯ ಗುಣವನ್ನು ಕೇಳಿದ್ದ ಮೇಷ್ಟ್ರು, "ಆರು ತಿಂಗಳು ನೋಡೋಣ. ಈ ಕೆಲಸ ನಿಮಗೆ ಒಗ್ಗಿದ್ರೆ ಇಲ್ಲೇ ಇರಿ" ಎಂದು ಕರೆಸಿಕೊಂಡಿದ್ದರು.

ಕೆಲಸ ಬದಲಾದದ್ದನ್ನು ಅವಳು ಅತ್ತೆಗೆ ವಿವರಿಸಿದ್ದಳು. ಅತ್ತೆಗೆ ಕಣ್ಣು ಮಂಜು. ಎದುರಿಗಿನ ಮುಖ ಕಾಣದಿದ್ದರೂ ಮಾತಿನ ಮೊನೆ ಮಾತ್ರ ಮಂಜಾಗಿರಲಿಲ್ಲ. ಎಲ್ಲ ಕೇಳಿ ಹೇಳಿದ್ದರು: "ಅಂದ್ರೆ ಇಷ್ಟು ವರ್ಷ ಮನೆ ಒಡೆದು ಪಾತ್ರೆ ಎಣಿಸ್ತಾ ಇದ್ದೆ. ಈಗ ಮನೆ ಒಡೀದೆ ಕಿಟಕೀಲಿ ಇಣುಕ್ತೀಯ. ಒಟ್ನಲ್ಲಿ ಇನ್ನೊಬ್ಬರ ಮನೆ ವಿಷಯ ಬಿಡಲ್ಲ ನೀನು."

* * *

ಚಪ್ಪಟೆ ಕೋಶಗಳನ್ನು ನೋಡಿ ಮೇಷ್ಟ್ರು ರೇಗಲಿಲ್ಲ. ರೇಗಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಕನ್ನಡಕವನ್ನು ಹಣೆಗೇರಿಸಿ, ಪರದೆಯ ಹತ್ತಿರಕ್ಕೆ ಬಾಗಿ ನೋಡಿದರು. ಮೂರು ಟ್ಯೂಬುಗಳ ಕೆಲಸ ಆಗಲೇ ಮುಗಿದಿತ್ತು. ಮೂರರದೂ ಇದೇ ಗತಿ. ಹಳೆಯ ಸೂಕ್ಷ್ಮದರ್ಶಕಕ್ಕೆ ಮೇಲಿನಿಂದಷ್ಟೇ ನೋಡಲು ಬರುತ್ತಿತ್ತು. ಹಾಗಾಗಿ ಇಷ್ಟು ದಿನ ಯಾರಿಗೂ ತಿಳಿದಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಮೆಷಿನ್ನೇ ಸರಿ ಇಲ್ಲ ಸಾರ್. ರಿಪೇರಿ ಮಾಡಿದವನು ಏನೋ ಎಡವಟ್ಟು ಮಾಡಿದಾನೆ" ಎಂದ ಗೂಬೆ.

ಮೇಷ್ಟ್ರು ಪ್ಲಾಸ್ಟಿಕ್ಕಿನ ಸಣ್ಣ ಮಣಿಗಳನ್ನು ಯಂತ್ರದ ಕೆಳಗಿಡಿಸಿದರು. ಪಕ್ಕದಿಂದ ನೋಡಿದರೂ ಮಣಿಗಳು ಮಣಿಗಳಂತೆಯೇ ದುಂಡಗಿದ್ದವು. ಯಂತ್ರ ಪಾರಾಯಿತು.

"ಎಲ್ಲಾದ್ರೂ ಒಣಗಿತಾ?" ಎಂದು ಮೇಷ್ಟ್ರು ಅವಳನ್ನು ಮೆಲ್ಲಗೆ ಕೇಳಿದರು.

"ಇಲ್ಲ ಸಾರ್. ಒಂದು ದ್ರಾವಣದಿಂದ ಇನ್ನೊಂದಕ್ಕೆ, ಅದರಿಂದ ಪ್ರೋಬಿಗೆ. ನಡುವೆ ಎಲ್ಲೂ ಇಟ್ಟಿಲ್ಲ. ಆಣೆ ಮಾಡಿ ಹೇಳ್ತೀನಿ."

ಅವಳು ಸುಳ್ಳು ಹೇಳಿರಲಿಲ್ಲ.

ಆ ವಾರವೆಲ್ಲ ಅವಳು ಬೇಕಾದಷ್ಟು ಸಿಗುವ ಅಭ್ಯಾಸದ ಕೋಶಗಳ ಮೇಲೆ ಮತ್ತೆ ಮತ್ತೆ ಪ್ರಯತ್ನಿಸಿದಳು. ಉಪ್ಪಿನ ಪ್ರಮಾಣ ಬದಲಿಸಿದಳು. ಬಿಸಿ ಮಾಡುವ ತಟ್ಟೆಯ ಮೇಲೆ ಎರಡೆರಡು ಥರ್ಮಾಮೀಟರ್ ಇಟ್ಟಳು. ಪ್ರತಿದಿನ ಗೂಬೆಯ ಪರದೆಯಲ್ಲಿ ನೀಲಿ ಚೆಂಡು ಹೊರಳಿ ಗೆರೆಯಾಗುತ್ತಿತ್ತು. ಒಂದು ದಿನ ಮಾತ್ರ ಹಾಗಾಗಲಿಲ್ಲ. ಅವತ್ತು ಚೆಂಡು ಹೊರಳಿ ಚೆಂಡಾಗಿಯೇ ನಿಂತಿತು! ಗೂಬೆ ಕುರ್ಚಿಯಿಂದ ಜಿಗಿದೇಬಿಟ್ಟ. ಅಂದು ಕೋಶಗಳನ್ನು ಗಟ್ಟಿಗೊಳಿಸುವ ದ್ರಾವಣದ ಹೊಸ ಬಾಟಲಿ ತೆರೆದಿದ್ದಳು. ಹಳೆಯ ಬಾಟಲಿಯೇ ಕಳ್ಳ ಎಂದು ತೀರ್ಮಾನವಾಯಿತು. ಮರುದಿನ ಅದೇ ಹೊಸ ಬಾಟಲಿ, ಅದೇ ಕೈ; ಮತ್ತೆ ಗೆರೆ.

"ನಿನ್ನೆಗೂ ಇವತ್ತಿಗೂ ಏನಕ್ಕಾ ವ್ಯತ್ಯಾಸ?"

"ಏನೂ ಇಲ್ಲಪ್ಪಾ. ನಿನ್ನೆ ನೆಗಡಿ ಇತ್ತು, ಇವತ್ತು ಕಡಿಮೆಯಾಗಿದೆ ಅಷ್ಟೆ."

"ಹಾಗಾದ್ರೆ ದಯವಿಟ್ಟು ಹುಷಾರಾಗ್ಬೇಡಿ. ನಿಮಗೆ ನೆಗಡಿ ಬಂದ್ರೆ ಕ್ರೋಮೋಸೋಮಿಗೆ ಆರೋಗ್ಯ" ಎಂದು ಗೂಬೆ ನಕ್ಕ. ಅವಳೂ ನಕ್ಕಳು. ನಕ್ಕು ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟರು.

ಶನಿವಾರ ಮೇಷ್ಟ್ರು ತಮ್ಮ ಕೋಣೆಗೆ ಕರೆದು ಕೂರಿಸಿದರು. ಕೂರಿಸಿದ ರೀತಿಯಲ್ಲೇ ವಿಷಯ ಗೊತ್ತಾಯಿತು.

"ಉಳಿದಿರೋದು ಒಂದೇ ಟ್ಯೂಬು. ಆ ಹುಡುಗಿಗೆ ಮತ್ತೆ ಸೂಜಿ ಚುಚ್ಚಿಸ್ಕೋ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ನನ್ನ ಹಳೇ ಸ್ನೇಹಿತರ ಲ್ಯಾಬ್ ಒಂದಿದೆ, ಅವರಿಗೆ ಈ ಕೆಲಸ ಕರಗತ. ಅಲ್ಲಿಗೆ ಕಳಿಸಿಬಿಡೋಣ ಅಂತ ಯೋಚನೆ. ಸೋಮವಾರ ನೋಡೋಣ."

ಟ್ಯೂಬಿನ ಜೊತೆಗೆ ತಾನೂ ಹೊರಟಂತೆ ಎಂದು ಅವಳಿಗೆ ಅರ್ಥವಾಯಿತು. ಆರು ತಿಂಗಳೂ ಮುಗಿಯುತ್ತಾ ಬಂದಿತ್ತು. ಆದರೆ ಮೆಟ್ಟಿಲಿಳಿಯುವಾಗ ಅವಳನ್ನು ಹೆಚ್ಚು ಕಾಡಿದ್ದು ಕೆಲಸ ಹೋಗುವ ಭಯವಲ್ಲ. ಎಲ್ಲಿ ತಪ್ಪಿದೆ ಎಂದು ಗೊತ್ತಿಲ್ಲದೆಯೇ ಹೋಗಬೇಕಲ್ಲ, ಆ ಸಂಕಟ. ಒಬ್ಬ ಅಕ್ಕ ನೋವುಂಡು ಕೊಟ್ಟದ್ದನ್ನು ತನ್ನ ಕೈ ಮೂರು ಸಲ ಹಾಳು ಮಾಡಿದೆ, ಮತ್ತು ಹೇಗೆಂದು ಆ ಕೈಗೇ ತಿಳಿದಿಲ್ಲ.

* * *

ಭಾನುವಾರ ಮಗಳು ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡು ಬಂದಳು. ಕಲಿಯಲು ಶುರುಮಾಡಿದಾಗಿನಿಂದ ಅವಳ ಎರಡು ಮಂಡಿಗಳೂ ಪಾಳಿಯ ಮೇಲೆ ಗಾಯವಾಗುತ್ತಿದ್ದವು. ಅವಳು ಮಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಗಾಯ ತೊಳೆದು, ಔಷಧಿ ಹಚ್ಚಿ, ಉರಿಯುತ್ತದೆಂದು ಫೂ ಎಂದು ಊದಿ, ಆಡಲು ಬಿಟ್ಟಳು. ಒಲೆಯ ಮೇಲೆ ಉಕ್ಕಿ ಬಂದ ಹಾಲಿಗೆ ಫೂ ಎಂದು, ಉರಿ ತಗ್ಗಿಸಿದಳು. ಇದೆಲ್ಲದರ ನಡುವೆ ಮನಸ್ಸು ಮಾತ್ರ ಉಪ್ಪಿನ ಪ್ರಮಾಣ, ಬಿಸಿಯ ಪ್ರಮಾಣ ಎಂದು ಅಲ್ಲೇ ಸುತ್ತುತ್ತಿತ್ತು.

"ನನ್ನ ಕನ್ನಡಕ ಸ್ವಲ್ಪ ತೊಳೆದು ಕೊಡು ತಾಯಿ. ಇರೋ ಅಷ್ಟಿಷ್ಟು ಕಣ್ಣಿಗೂ ನಿನ್ನ ಮಗಳ ಬೆರಳಿನ ಗುರುತೇ ಅಡ್ಡ" ಎಂದು ಅತ್ತೆ ಒಳಗಿನಿಂದ ಕೂಗಿದರು.

ಅವಳು ಕನ್ನಡಕವನ್ನು ನಲ್ಲಿಯ ಕೆಳಗೆ ಹಿಡಿದಳು. ಎತ್ತಿ, ಓರೆ ಮಾಡಿ, ಅಂಚನ್ನು ಬಟ್ಟೆಗೆ ತಾಗಿಸಿ ನೀರು ಇಳಿಸಿದಳು. ತಂದು ಅತ್ತೆಯ ಕೈಗಿತ್ತಳು.

"ಊದಿದೆಯಲ್ಲ, ಇನ್ನು ಒರೆಸೋದು ಬೇಡ ಬಿಡು" ಎಂದರು ಅತ್ತೆ.

"ಯಾರು ಊದಿದ್ದು? ನಾನು ಊದಿಲ್ಲ ಅತ್ತೆ."

"ಊದಿಲ್ವಂತೆ! ಕಣ್ಣು ಹೋಗಿದೆ, ಕಿವಿ ಹೋಗಿಲ್ಲ ನನಗೆ." ಅತ್ತೆಗೆ ನಗು ಬಂತು. "ನೀನು ಮನೆಯಲ್ಲಿ ಎಲ್ಲಿದ್ದೀಯ ಅಂತ ನನಗೆ ಗೊತ್ತಾಗೋದೇ ಅದರಿಂದ. ಹಾಲಿಗೆ ಊದ್ತೀಯ, ಮಗಳ ಮಂಡಿಗೆ ಊದ್ತೀಯ, ಪುಸ್ತಕದ ಧೂಳಿಗೆ ಊದ್ತೀಯ. ಒದ್ದೆ ಗಾಜಿನ ಲೋಟ ಕೈಗೆ ಬಂದ್ರಂತೂ ಮುಗೀತು, ಫೂ. ಮದುವೆಯಾಗಿ ಬಂದ ಹೊಸದರಲ್ಲಿ ಇರಲಿಲ್ಲ ಇದು. ಆ ಆಸ್ಪತ್ರೆಗೆ ಸೇರಿದ ಮೇಲೆ ಶುರುವಾಗಿದ್ದು."

ಅವಳು ನಿಂತಲ್ಲೇ ನಿಂತಳು.

ಎರಡು ಹೆಜ್ಜೆಯಲ್ಲಿ ಅಡುಗೆಮನೆಗೆ ಮರಳಿ ಒಂದು ಗಾಜಿನ ಲೋಟವನ್ನು ನೀರಿಗೆ ಹಿಡಿದಳು. ಎತ್ತಿದಳು, ಓರೆ ಮಾಡಿದಳು, ಬಟ್ಟೆಗೆ ತಾಗಿಸಿದಳು. ಈ ಸಲ, ಇಲಿಗೆ ಕಾದು ಕೂತ ಬೆಕ್ಕಿನಂತೆ ತನ್ನನ್ನೇ ಗಮನಿಸುತ್ತಿದ್ದಳು. ತುಟಿಗಳು ತಾವಾಗಿಯೇ ಮುಂದಕ್ಕೆ ಬಂದವು. ಅವಳು ಹೇಳದೆ, ಕೇಳದೆ, ಉಸಿರು ಹೊರಟೇ ಹೋಯಿತು. ಗಾಜಿನ ಮೇಲೆ ತೆಳ್ಳಗೆ ಕೂತಿದ್ದ ನೀರು ಅರಳಿ, ಅಂಚಿಗೆ ಸರಿದು, ನಡುವೆ ಒಂದು ಒಣ ವೃತ್ತ ಬಿಟ್ಟಿತು.

ನೆಗಡಿಯ ದಿನ, ಕೋಶಗಳ ಮೇಲೆ ಸೀನಿಬಿಟ್ಟೇನೆಂದು ಅವಳು ಮಾಸ್ಕ್ ಕಟ್ಟಿಕೊಂಡಿದ್ದಳು.

"ಅತ್ತೆ!" ಎಂದು ಕೂಗಿಕೊಂಡು ಓಡಿಬಂದು ಅವರ ಎರಡೂ ಕೆನ್ನೆ ಹಿಡಿದುಕೊಂಡಳು.

"ಏನೇ ಇದು, ಒದ್ದೆ ಕೈ!" ಎಂದು ಅತ್ತೆ ಕೊಸರಿದರು. "ಬೈದ್ರೆ ಇಷ್ಟು ಖುಷಿಯಾಗುತ್ತೆ ಅಂತ ಗೊತ್ತಿದ್ರೆ ಮೊದಲೇ ಬೈತಿದ್ದೆ."

* * *

ಸೋಮವಾರ ಮೇಷ್ಟ್ರು ಬರುವ ಮೊದಲೇ ಅವಳು ಅಭ್ಯಾಸದ ಕೋಶಗಳ ಎರಡು ಗಾಜುಗಳನ್ನು ತಯಾರಿಸಲು ಕೂತಿದ್ದಳು. ಒಂದಕ್ಕೆ ಬೇಕೆಂದೇ ಊದಿದಳು. ಇನ್ನೊಂದನ್ನು ಮಾಸ್ಕ್ ಕಟ್ಟಿಕೊಂಡು ಮಾಡಿದಳು. ಪ್ರೋಬ್ ತನ್ನ ಜೋಡಿಯನ್ನು ಹುಡುಕಿಕೊಳ್ಳಲು ಒಂದು ರಾತ್ರಿ ಬೇಕು. ಆದರೆ ಚಪ್ಪಟೆಯೋ ದುಂಡೋ ಎಂದು ನೋಡಲು ನೀಲಿ ಬಣ್ಣವಷ್ಟೇ ಸಾಕಾಗಿತ್ತು. ಮೇಷ್ಟ್ರನ್ನು ಕೂರಿಸಿ ಗೂಬೆ ಎರಡನ್ನೂ ಅಕ್ಕಪಕ್ಕ ಹಾಕಿ ಹೊರಳಿಸಿದ. ಒಂದು ಗೆರೆ. ಒಂದು ಚೆಂಡು.

"ಉಸಿರಾ?" ಎಂದರು ಮೇಷ್ಟ್ರು. "ಒಂದು ಉಸಿರು?"

"ಹೌದು ಸಾರ್. ಆಸ್ಪತ್ರೆಯಲ್ಲಿ ಅದೇ ನನ್ನ ಹೆಚ್ಚುಗಾರಿಕೆ ಆಗಿತ್ತು. ಇಲ್ಲಿ ಗೋಡೆ ಕಡೆ ಮುಖ ಮಾಡಿ ಕೆಲಸ ಮಾಡ್ತೀನಲ್ಲ, ಯಾರಿಗೂ ಕಾಣ್ಲಿಲ್ಲ. ನನಗೂ."

"ಅಂದ್ರೆ ಬಾಟಲಿ ನಿರಪರಾಧಿ. ಸುಮ್ನೆ ಬೈದೆ ಪಾಪ ಅದಕ್ಕೆ" ಎಂದ ಗೂಬೆ.

ಮೇಷ್ಟ್ರು ನಗಲಿಲ್ಲ. ಮೇಜಿನ ಅಂಚನ್ನು ಬೆರಳಿನಿಂದ ತಟ್ಟುತ್ತಾ ಕೇಳಿದರು: "ಇಷ್ಟು ವರ್ಷದ ಅಭ್ಯಾಸ. ಗೊತ್ತಾಯ್ತು ಅಂದಮಾತ್ರಕ್ಕೆ ಹೋಗಿಬಿಡುತ್ತಾ?"

ಹೋಗುತ್ತದೆ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಟ್ಯೂಬು ಉಳಿಸಿಕೊಳ್ಳಲು ಅದೊಂದು ಮಾತು ಸಾಕಿತ್ತು. ಅವಳಿಗೆ ಗಾಜಿನ ಲೋಟದ ಮೇಲಿನ ಒಣ ವೃತ್ತ ನೆನಪಾಯಿತು.

"ಹೋಗಲ್ಲ ಸಾರ್. ನಿನ್ನೆಯಿಂದ ಗಮನಿಸ್ತಾ ಇದ್ದೀನಿ. ಗೊತ್ತಿದ್ದೂ ಊದ್ತೀನಿ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ, ಇದು ಕಟ್ಟಿಕೊಂಡ ಗುಣ, ಆದ್ರೂ ಹೋಗಲ್ಲ. ಅದಕ್ಕೇ ಮಾಸ್ಕ್ ಬೇಕು. ಮೇಲೆ ಒಂದು ಗಾಜಿನ ತಡೆ ಬೇಕು, ಬೇಸಿನ್ ಮುಂದೆ. ಪಕ್ಕದಲ್ಲಿ ಇವನು ನಿಂತು ನೋಡ್ತಿರಬೇಕು. ಅಷ್ಟಿದ್ರೆ ಮಾಡ್ತೀನಿ. ಇಲ್ಲಾಂದ್ರೆ ನಿಮ್ಮ ಸ್ನೇಹಿತರಿಗೇ ಕಳಿಸಿಬಿಡಿ. ನಮ್ಮ ಮರ್ಯಾದೆಗಿಂತ ಆ ಹುಡುಗಿ ಕೊಟ್ಟಿದ್ದು ದೊಡ್ಡದು."

ಮೇಷ್ಟ್ರ ಬೆರಳು ತಟ್ಟುವುದನ್ನು ನಿಲ್ಲಿಸಿತು. "ಗಾಜಿನ ತಡೆ ಸ್ಟೋರಿನಲ್ಲಿ ಒಂದಿದೆ. ಧೂಳು ಹಿಡಿದಿದೆ, ಒರೆಸಿ ತರಿಸ್ತೀನಿ" ಎಂದವರು, ಒಂದು ಕ್ಷಣ ಬಿಟ್ಟು, "ನೀವು ಊದಬೇಡಿ" ಎಂದರು.

* * *

ಕೊನೆಯ ಟ್ಯೂಬನ್ನು ಕರಗಿಸಿದ ದಿನ ಲ್ಯಾಬಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕೋಶಗಳು ಗಾಜಿನ ಮೇಲೆ ತಮ್ಮಷ್ಟಕ್ಕೆ ತಾವು ಕೂತುಕೊಳ್ಳಲು ಬಿಟ್ಟು, ಗಟ್ಟಿಗೊಳಿಸಿ, ಒಂದು ದ್ರಾವಣದಿಂದ ಇನ್ನೊಂದಕ್ಕೆ ಮಲಗಿದ ಮಗುವನ್ನು ಹಾಸಿಗೆ ಬದಲಿಸುವ ಹಾಗೆ ದಾಟಿಸಿದಳು. ಡಿಎನ್ಎಯ ಜೋಡಿ ಎಳೆಗಳು ಬಿಚ್ಚಿಕೊಳ್ಳಲೆಂದು ಹದವಾಗಿ ಬಿಸಿ ಮಾಡಿದಳು. ಕೊನೆಗೆ ಆ ಘಳಿಗೆ ಬಂತು: ಗಾಜನ್ನೆತ್ತಿ, ಅಂಚು ತಾಗಿಸಿ, ಹೆಚ್ಚಿನ ನೀರು ಇಳಿಸಿ, ಉಳಿದ ತೇವದ ಮೇಲೆಯೇ ಪ್ರೋಬ್ ಹನಿಸಬೇಕಾದದ್ದು.

ಎತ್ತಿದಳು. ತಾಗಿಸಿದಳು. ಮಾಸ್ಕಿನೊಳಗೆ ಅವಳ ತುಟಿಗಳು ಮುಂದಕ್ಕೆ ಬಂದವು. ಉಸಿರು ಹೊರಟಿತು, ಬಟ್ಟೆಗೆ ಬಡಿದು ಅವಳ ಕೆನ್ನೆಗೇ ಬೆಚ್ಚಗೆ ಮರಳಿತು. ಗಾಜಿನ ಮೇಲಿನ ನೀರು ಕದಲಲಿಲ್ಲ.

"ಊದಿದ್ರಿ" ಎಂದ ಗೂಬೆ ಪಿಸುದನಿಯಲ್ಲಿ.

"ಗೊತ್ತು" ಎಂದಳು. ಪ್ರೋಬ್ ಹನಿಸಿ, ತೆಳುಗಾಜು ಮುಚ್ಚಿ, ಅಂಚಿಗೆ ಅಂಟು ಹಾಕಿ, ಒದ್ದೆ ಕಾಗದ ಹಾಸಿದ ಡಬ್ಬಿಯೊಳಗೆ ಇಟ್ಟಳು.

ಮರುದಿನ ತೊಳೆದು, ನೀಲಿ ಬಣ್ಣ ಹಾಕಿ, ಗೂಬೆಯ ಕೈಗೆ ಕೊಟ್ಟಳು. ಮೂವರೂ ಕತ್ತಲಲ್ಲಿ ಕುರ್ಚಿ ಎಳೆದು ಕೂತರು. ಮೊದಲ ಕೋಶ ಪರದೆಗೆ ಬಂತು. ಮೇಲಿನಿಂದ ದುಂಡಗೆ. ಗೂಬೆ ಗುಂಡಿ ಒತ್ತಿದ. ನೀಲಿ ಚೆಂಡು ಹೊರಳಿತು, ಹೊರಳಿತು, ಚೆಂಡಾಗಿಯೇ ಉಳಿಯಿತು.

ಅದರೊಳಗೆ ಎರಡು ಕೆಂಪು, ಎರಡು ಹಸಿರು. ತಂದೆಯಿಂದ ಒಂದೊಂದು, ತಾಯಿಯಿಂದ ಒಂದೊಂದು. ಒಂದು ಕೆಂಪು ಗೋಡೆಗೆ ಒರಗಿ ಕೂತಿತ್ತು. ಅದರ ಹಸಿರು ನಡುಮನೆಯಲ್ಲಿತ್ತು. ಇನ್ನೊಂದು ಕೆಂಪು, ಇನ್ನೊಂದು ಹಸಿರು ಹತ್ತಿರ ಹತ್ತಿರ ಇದ್ದವು. ಮೇಲಿನಿಂದ ನೋಡಿದಾಗ ತಬ್ಬಿಕೊಂಡಂತೆಯೇ ಕಂಡಿದ್ದವು. ಪಕ್ಕದಿಂದ ನೋಡಿದರೆ ನಡುವೆ ಕೂದಲೆಳೆಯಷ್ಟು ಕತ್ತಲು.

ಎರಡನೆಯ ಕೋಶ ಬೇರೆ ರೀತಿ ಇತ್ತು. ಮೂರನೆಯದು ಇನ್ನೂ ಬೇರೆ.

"ಎಲ್ಲಾ ಕೋಶದಲ್ಲೂ ಅಂಟಿಕೊಂಡಿದೆ ಅಂತ ಟೀ ಕುಡಿಸಿದ್ದೆ ನಾನು" ಎಂದರು ಮೇಷ್ಟ್ರು. ದನಿಯಲ್ಲಿ ನಿರಾಸೆ ಇತ್ತು, ಅದನ್ನು ಅವರು ಮುಚ್ಚಿಡಲಿಲ್ಲ. "ಕೆಲವದ್ರಲ್ಲಿ ಹತ್ತಿರ, ಕೆಲವದ್ರಲ್ಲಿ ದೂರ. ಇನ್ನು ಒಂದೊಂದನ್ನೇ ಅಳೆದು ನೋಡಬೇಕು. ಈ ಗಾಜು, ಆಮೇಲೆ ಬೇರೆಯವರ ಮಜ್ಜೆ. ವರ್ಷಗಟ್ಟಲೆ ಕೆಲಸ."

ಅವಳಿಗೆ ಪರದೆಯಿಂದ ಕಣ್ಣು ತೆಗೆಯಲು ಆಗುತ್ತಿರಲಿಲ್ಲ. ಇಷ್ಟು ವರ್ಷ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಎಣಿಸಿದವರನ್ನು ಮೊದಲ ಸಲ ಅವರ ಮನೆಯಲ್ಲೇ ನೋಡುತ್ತಿದ್ದಳು. ಯಾರೂ ಕರೆಯದೆ, ಯಾರೂ ಎಬ್ಬಿಸದೆ, ತಮ್ಮತಮ್ಮ ಮೂಲೆಯಲ್ಲಿ ತಾವು.

"ಆ ಗಾಜಿನ ತಡೆಯನ್ನ ಅಲ್ಲೇ ಮೊಳೆ ಹೊಡೆದು ಕೂರಿಸಿಬಿಡಿ" ಎಂದು ಮೇಷ್ಟ್ರು ಎದ್ದರು. ಬಾಗಿಲ ಬಳಿ ತಿರುಗಿ, "ನಿಮ್ಮ ಎತ್ತರಕ್ಕೆ ಸರಿಯಾಗಿ" ಎಂದರು.

ಗೂಬೆ ಅವಳ ಕಡೆ ನೋಡಿ ಹುಬ್ಬು ಹಾರಿಸಿದ. "ಅಕ್ಕಾ, ಈ ಸಲ ಟೀ ನಿಮ್ದು."

* * *

ಸಂಜೆ ಮನೆಯ ಗೇಟಿನ ಬಳಿ ಸೈಕಲ್ಲು ಅಡ್ಡ ಬಿದ್ದಿತ್ತು. ಮಗಳು ಮೆಟ್ಟಿಲ ಮೇಲೆ ಮಂಡಿ ಹಿಡಿದು, ಅಳುವುದಕ್ಕೆ ಅಮ್ಮ ಬರಲೆಂದೇ ಕಾದು ಕೂತಿದ್ದಳು. ಪಾಳಿ ಈಗ ಎಡಗಾಲಿನದು. ಅಜ್ಜಿ ಆಗಲೇ ತಡವಿಕೊಂಡು ಬಂದು ಗಾಯ ತೊಳೆದಿದ್ದರು. ಅವಳು ಚೀಲ ಕೆಳಗಿಟ್ಟು, ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒದ್ದೆ ಮಂಡಿ ಹೊಳೆಯುತ್ತಿತ್ತು. ತುಟಿಗಳು ಮುಂದಕ್ಕೆ ಬಂದವು. ಬಂದದ್ದು ಗೊತ್ತಾಗಿ, ಒಂದು ಕ್ಷಣ ಅವಳು ಉಸಿರನ್ನು ಹಿಡಿದುಕೊಂಡಳು.

"ಏನು ಯೋಚನೆ ಮಾಡ್ತಿದ್ದೀಯಮ್ಮಾ? ಉರೀತಿದೆ, ಊದು!"

ಅವಳು ಊದಿದಳು. ಒಳಗಿನಿಂದ ಅತ್ತೆಯ ದನಿ ಕೇಳಿಸಿತು: "ಬಂದ್ಯಾ?"